ಮಾಸ್ತರ ಹೆಸರಿನ ಫಿಲ್ಟರ್

ನವನಗರ, ಹುಬ್ಬಳ್ಳಿ
ರವಿವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಅವ್ವಾ,

ನಿನ್ನ ಕಣ್ಣು ಹೇಗಿದೆ? ಪೊರೆ ತೆಗೆದು ಮೂರು ವಾರವಾಯಿತು. ಹನಿ ಹಾಕಿಕೊಳ್ಳುವುದನ್ನು ನಾಲ್ಕು ಹೊತ್ತಿನಿಂದ ಎರಡು ಹೊತ್ತಿಗೆ ಇಳಿಸಿರಬೇಕು. ಹಾಕಿಕೊಂಡ ಮೇಲೆ ಕಣ್ಣು ಒತ್ತಬೇಡ, ಬಗ್ಗಿ ಕಸ ಗುಡಿಸಬೇಡ, ಒಲೆಯ ಮುಂದೆ ನಿಲ್ಲಬೇಡ. ಮೂವತ್ತಾರು ವರ್ಷ ಮಿಶನ್ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದವಳಿಗೆ ನಾನು ಇದನ್ನೆಲ್ಲ ಹೇಳಬೇಕಾಗಿಲ್ಲ, ಆದರೂ ನೀನು ಬೇರೆಯವರಿಗೆ ಹೇಳಿದ ಪಥ್ಯವನ್ನು ಎಂದೂ ನೀನು ಮಾಡಿದವಳಲ್ಲ. ಮೊಣಕಾಲು ನೋವಿಗೆ ತಮ್ಮ ಡ್ಯಾನಿಯಲ್ ತಂದುಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತೀಯೋ, ಟ್ರಂಕಿನಲ್ಲಿ ಮಡಚಿಟ್ಟಿದ್ದೀಯೋ? ಸೊಲ್ಲಾಪುರದಲ್ಲಿ ಚಳಿ ಶುರುವಾಗಿರಬೇಕು. ನಿನಗೆ ಓದಲು ಅನುಕೂಲವಾಗಲಿ ಎಂದು ದಪ್ಪ ಅಕ್ಷರದಲ್ಲಿ, ಒಂದೊಂದು ಸಾಲು ಬಿಟ್ಟು ಬರೆಯುತ್ತಿದ್ದೇನೆ. ಒಂದೇ ಸಲಕ್ಕೆ ಓದಬೇಡ.

ಫೋನು ಮಾಡದೆ ಪತ್ರ ಯಾಕೆ ಬರೆದಳು ಎಂದುಕೊಳ್ಳುತ್ತೀ. ಫೋನಿನಲ್ಲಿ ನಿನಗೆ ನನ್ನ ಮಾತು ಕೇಳಿಸುವುದಿಲ್ಲ. ನಾನು ಹೇಳಿದ್ದನ್ನು ಡ್ಯಾನಿಯಲ್ ನಿನ್ನ ಕಿವಿಯ ಹತ್ತಿರ ಕೂಗುತ್ತಾನೆ, ಅದು ರೇಲ್ವೆ ಕ್ವಾರ್ಟರ್ಸಿನಲ್ಲಿ ನಾಲ್ಕು ಮನೆಗೆ ಕೇಳಿಸುತ್ತದೆ. ಇದು ಹಾಗೆ ಕೂಗಿ ಹೇಳುವ ವಿಷಯವಲ್ಲ.

ಆಪರೇಶನ್ನಿಗೆ ನಾನು ಬರಲಿಲ್ಲ. "ಆಕಿಗೆ ಮಂದಿ ರೋಗ ಕಾಣತಾವ, ತಾಯಿ ಕಣ್ಣ ಕಾಣಂಗಿಲ್ಲ" ಎಂದು ನೀನು ಹೇಳಿದೆಯಂತೆ. ಡ್ಯಾನಿಯಲ್ ಹೇಳಿದ. ನೀನು ಅಂದದ್ದರಲ್ಲಿ ತಪ್ಪಿಲ್ಲ. ರಜೆ ಸಿಗಲಿಲ್ಲ ಎಂದು ನಾನು ಅವನಿಗೆ ಹೇಳಿದ್ದೆ, ಅದು ಸುಳ್ಳು. ನಾನು ರಜೆ ಕೇಳಿರಲೇ ಇಲ್ಲ. ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದುಕೊಂಡಿದ್ದೆ. ಆ ದಿನ ಬಂತು, ಹೋಯಿತು. ಸಂಜೆ ಡ್ಯೂಟಿ ಮುಗಿಸಿ ಬಂದು ಕ್ಯಾಲೆಂಡರ್ ನೋಡಿದೆ, ಇವತ್ತು ಅವ್ವನ ಕಣ್ಣಿನ ಆಪರೇಶನ್ ಎಂದು ಓದಿದೆ, ಕೈಕಾಲು ತೊಳೆದುಕೊಂಡು ಮಲಗಿದೆ. ನನಗೆ ಏನೂ ಅನಿಸಲಿಲ್ಲ. ಈ ಏನೂ ಅನಿಸದಿರುವುದರ ಬಗ್ಗೆಯೇ ನಿನಗೆ ಹೇಳಬೇಕಾಗಿದೆ.

ನಿನ್ನ ಕಾಲದಲ್ಲಿ ಡಯಾಲಿಸಿಸ್ ಇರಲಿಲ್ಲ, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಕಿಡ್ನಿ ಕೆಟ್ಟವರು ವಾರಕ್ಕೆ ಮೂರು ಸಲ ಬರುತ್ತಾರೆ. ನಾಲ್ಕು ತಾಸು ಮಶೀನಿನ ಪಕ್ಕ ಮಲಗುತ್ತಾರೆ, ರಕ್ತ ಹೊರಗೆ ಬಂದು ಫಿಲ್ಟರಿನಲ್ಲಿ ಸೋಸಿಕೊಂಡು ಒಳಗೆ ಹೋಗುತ್ತದೆ. ಫಿಲ್ಟರ್ ಎಂದರೆ ಮೊಳಕೈಯಷ್ಟು ಉದ್ದದ ಒಂದು ಕೊಳವೆ. ಒಬ್ಬರದು ಒಬ್ಬರಿಗೇ. ಮುಗಿದ ಮೇಲೆ ತೊಳೆದು, ಔಷಧ ತುಂಬಿ, ಅವರ ಹೆಸರು ಬರೆದು ಖಾನೆಯಲ್ಲಿ ಇಡುತ್ತೇವೆ, ಮುಂದಿನ ಸಲ ಅದನ್ನೇ ಹಚ್ಚುತ್ತೇವೆ. ನಿಮ್ಮ ವಾರ್ಡಿನಲ್ಲಿ ಜನ ಬಂದು ವಾಸಿಯಾಗಿ ಹೋಗುತ್ತಿದ್ದರು, ಇಲ್ಲವೇ ತೀರಿಕೊಳ್ಳುತ್ತಿದ್ದರು. ನಮ್ಮಲ್ಲಿ ಯಾರೂ ವಾಸಿಯಾಗಿ ಹೋಗುವುದಿಲ್ಲ. ವರ್ಷಗಟ್ಟಲೆ ಬರುತ್ತಾರೆ, ಅವರ ಮಕ್ಕಳ ಲಗ್ನಕ್ಕೆ ನಮ್ಮನ್ನು ಕರೆಯುತ್ತಾರೆ, ನಮ್ಮ ಡಬ್ಬಿಯಲ್ಲಿ ಏನಿದೆ ಎಂದು ಕೇಳುತ್ತಾರೆ, ಒಂದು ದಿನ ಬರುವುದಿಲ್ಲ. ಈ ವರ್ಷ ಹಾಗೆ ಒಂಬತ್ತು ಜನ. ಮೊದಲ ಇಬ್ಬರಿಗೆ ನಾನು ಅತ್ತಿದ್ದೆ. ಅಷ್ಟರಲ್ಲಿ ನಮ್ಮ ಇಬ್ಬರು ಸಿಸ್ಟರ್‌ಗಳು ಕೆಲಸ ಬಿಟ್ಟರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಆರು ಮಶೀನಿಗೆ ಇಬ್ಬರು. ಮುಂಜಾನೆ ಏಳಕ್ಕೆ ಹೋದರೆ ಸಂಜೆ ಏಳು. ಮುಂಜಾನೆಯವರು ಎದ್ದರೆ ಅದೇ ಹಾಸಿಗೆಗೆ ಮಧ್ಯಾಹ್ನದವರು, ನಡುವೆ ಚಾದರ ಬದಲಿಸುವಷ್ಟು ಹೊತ್ತು.

ಸ್ಯಾಮ್ಸನ್‌ಗೆ ಸೆಪ್ಟೆಂಬರಿನಲ್ಲಿ ಜ್ವರ ಬಂದಿತ್ತು. ನಾನು ಥರ್ಮಾಮೀಟರ್ ಇಟ್ಟೆ, ನೂರಾ ಎರಡು ಎಂದು ಕಾಗದದ ಮೇಲೆ ಬರೆದೆ, ಗುಳಿಗೆ ಕೊಟ್ಟೆ, ಪಕ್ಕದ ಖೋಲಿಗೆ ಹೋಗಿ ಮಲಗಿದೆ. ಮರುದಿನ ಅವನು ಅಂದ: "ನೀ ನನ್ನ ಪೇಶಂಟ್ ನೋಡಿದಂಗ ನೋಡಿದಿ ಬೀನಾ, ಅದೂ ಬ್ಯಾರೆ ವಾರ್ಡಿನ ಪೇಶಂಟ್." ನಗುತ್ತಲೇ ಅಂದ. ನಿನ್ನ ಅಳಿಯ ಸಿಟ್ಟು ಮಾಡುವವನಲ್ಲ, ನಿನಗೆ ಗೊತ್ತು. ನನಗೆ ಅದು ನಗುವ ಮಾತೂ ಅನಿಸಲಿಲ್ಲ, ಚುಚ್ಚುವ ಮಾತೂ ಅನಿಸಲಿಲ್ಲ. ಚರ್ಚಿನಲ್ಲಿ ಎಲ್ಲರ ಜೊತೆ ಬಾಯಿ ಹಾಡುತ್ತದೆ. ಸ್ವೀಟಿ ಮನೆಗೆ ಬಂದು ಪಿಯುಸಿ ಟೆಸ್ಟಿನ ಮಾರ್ಕ್ಸ್ ಹೇಳಿದರೆ ಹೂಂ ಅನ್ನುತ್ತೇನೆ. ಈಗ ಅವಳು ಅಪ್ಪನಿಗೆ ಮಾತ್ರ ಹೇಳುತ್ತಾಳೆ.

ಗುರುಶಿದ್ದಪ್ಪ ಮಾಸ್ತರ ಬಗ್ಗೆ ನಿನಗೆ ಎಂದೋ ಹೇಳಿದ್ದೆ. ಹೆಬ್ಬಳ್ಳಿಯವರು, ಕನ್ನಡ ಸಾಲಿ ಮಾಸ್ತರಾಗಿ ನಿವೃತ್ತರಾದವರು. ಆರು ವರ್ಷದಿಂದ ಸೋಮವಾರ, ಬುಧವಾರ, ಶುಕ್ರವಾರ ಮುಂಜಾನೆ ನಾಲ್ಕನೇ ಮಶೀನು ಅವರದು. ಹೆಂಡತಿ ದ್ರಾಕ್ಷಾಯಿಣಿ ಕೈ ಹಿಡಿದುಕೊಂಡು ಬಸ್ಸಿನಲ್ಲಿ ಕರೆತರುತ್ತಿದ್ದರು. ಬಂದ ಕೂಡಲೇ ತೂಕ ನೋಡುತ್ತೇವೆ, ನೀರು ಎಷ್ಟು ಕುಡಿದಿದ್ದಾರೆ ಎಂಬುದು ಅದರಲ್ಲಿ ಗೊತ್ತಾಗುತ್ತದೆ. ಮೂರು ಕೇಜಿ ಏರಿದ್ದರೂ "ಒಂದ ಬಟ್ಲ ಚಾ ಅಷ್ಟ ಬೀನವ್ವ, ಅದೂ ಸಣ್ಣ ಬಟ್ಲ" ಅನ್ನುತ್ತಿದ್ದರು. ನಮ್ಮ ಗೋಡೆಯ ಮೇಲಿನ ಸೂಚನಾ ಫಲಕದಲ್ಲಿ 'ಶಬ್ಧ ಮಾಡಬೇಡಿ' ಎಂದು ಬರೆದಿತ್ತು. ಅವರು ಒಂದು ದಿನ ಕುರ್ಚಿ ಹಾಕಿಕೊಂಡು ಹತ್ತಿ, ಕೆಂಪು ಪೆನ್ನಿನಿಂದ ಧಕಾರವನ್ನು ದಕಾರ ಮಾಡಿದ್ದರು. ಬಿದ್ದಿದ್ದರೆ ಏನು ಗತಿ ಎಂದು ನಾನು ಬೈದಿದ್ದೆ. ಆಗಿನ್ನೂ ನಾನು ಬೈಯುತ್ತಿದ್ದೆ.

ಅಕ್ಟೋಬರ್ ಹದಿನೈದು, ಬುಧವಾರ. ಹನ್ನೊಂದರ ಸುಮಾರಿಗೆ ನಾನು ಎರಡನೇ ಮಶೀನಿನ ಹತ್ತಿರ ಇದ್ದೆ, ಅದರ ಅಲಾರಂ ಬಡಿದುಕೊಳ್ಳುತ್ತಿತ್ತು. ಮಾಸ್ತರು ಆ ಕಡೆಯಿಂದ "ಬೀನವ್ವ, ಇಲ್ಲೆ ಬಾ ಸ್ವಲ್ಪ" ಅಂದರು. "ಬಂದೆ, ತಡೀರಿ" ಅಂದೆ. ತಿರುಗಿ ನೋಡಲಿಲ್ಲ. ಅವರು ಇನ್ನೊಂದು ಏನೋ ಮಾತು ಅಂದರು. ಆಮೇಲೆ ಅವರ ಮಶೀನೂ ಬಡಿದುಕೊಂಡಿತು. ಓಡಿದೆ. ಎದೆ ಒತ್ತಿದೆವು, ನಾನು, ಟೆಕ್ನೀಶಿಯನ್ ಇಸ್ತಿಯಾಕ, ಡಾಕ್ಟರ್ ಶಂಭುಲಿಂಗ, ಮೂವರೂ ಪಾಳಿಯ ಮೇಲೆ, ನಲವತ್ತು ನಿಮಿಷ. ಆಗಲಿಲ್ಲ. ಆಯಾ ರಾಜಬಿ ಹೊರಗೆ ಹೋಗಿ ದ್ರಾಕ್ಷಾಯಿಣಿಯವರನ್ನು ಕರೆತಂದಳು. ಹನ್ನೆರಡೂವರೆಗೆ ಅದೇ ಹಾಸಿಗೆಗೆ ಹೊಸ ಚಾದರ ಹಾಸಿ ಮಧ್ಯಾಹ್ನದ ಪೇಶಂಟ್ ಶಹಜಹಾನಬೇಗಂ ಅವರನ್ನು ಮಲಗಿಸಿದೆ. ಎರಡು ಗಂಟೆಗೆ ಡಬ್ಬಿ ಬಿಚ್ಚಿದೆ. ರೊಟ್ಟಿ, ಪುಂಡಿಪಲ್ಯ. ಎಲ್ಲಾ ಉಂಡೆ. ಪುಂಡಿಪಲ್ಯಕ್ಕೆ ಉಪ್ಪು ಸರಿಯಾಗಿತ್ತು. ಆ ದಿನದ್ದು ನನಗೆ ಚೆನ್ನಾಗಿ ನೆನಪಿರುವುದು ಅದೊಂದೇ.

ಹನ್ನೆರಡು ದಿನದ ಮೇಲೆ, ಸೋಮವಾರ ಮಧ್ಯಾಹ್ನ, ಶಹಜಹಾನಬೇಗಂ ಮಲಗಿದ್ದರು. ಹಳೇ ಹುಬ್ಬಳ್ಳಿಯವರು, ಬ್ಲೌಸ್ ಹೊಲಿಯುತ್ತಾರೆ, ಕನ್ನಡ ಸಾಲಿಯಲ್ಲಿ ಏಳನೇ ಇಯತ್ತೆ ಓದಿದವರು. ಮಲಗಿದಲ್ಲೇ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಚಟ. ನಾನು ಕೈಗೆ ಸೂಜಿ ಹಾಕಿ ಮುಗಿಸಿದ್ದೆ. ನಾಲ್ಕನೇ ಮಶೀನಿನ ಖಾನೆಯಿಂದ ಫಿಲ್ಟರ್ ತೆಗೆದು, ಒಳಗಿನ ಔಷಧ ತೊಳೆದು, ಹಚ್ಚಿದ್ದೆ. ಹೆಸರು ಓದಿ, ಪೇಶಂಟರಿಗೆ ತೋರಿಸಿ, ಆಮೇಲೆ ಸಹಿ ಮಾಡಬೇಕು. ನಾನು ಸಹಿ ಮಾಡಿದ್ದೆ, ಓದಿರಲಿಲ್ಲ. ನಳಿಕೆ ಜೋಡಿಸಲು ಕೈ ಚಾಚಿದಾಗ ಅವರು ಮೆಲ್ಲಗೆ ಅಂದರು: "ಸಿಸ್ಟರ್, ಇದರ ಮ್ಯಾಲ ಮಾಸ್ತರ ಹೆಸರ ಐತಲ್ರಿ."

ನೋಡಿದೆ. ಗುರುಶಿದ್ದಪ್ಪ ಎಂದು ನನ್ನದೇ ಅಕ್ಷರದಲ್ಲಿ ಇತ್ತು. ಸತ್ತವರ ಫಿಲ್ಟರನ್ನು ಜೀವಂತ ಇದ್ದವರಿಗೆ ಹಚ್ಚಿದ್ದೆ. ಇನ್ನು ಅರ್ಧ ನಿಮಿಷವಾಗಿದ್ದರೆ ಅವರ ರಕ್ತ ಅದರೊಳಗೆ ಹರಿಯುತ್ತಿತ್ತು. ಅವ್ವಾ, ನೀನಾಗಿದ್ದರೆ ಕೈ ನಡುಗುತ್ತಿತ್ತು. ಯಾರದಾದರೂ ನಡುಗುತ್ತಿತ್ತು. ನನ್ನ ಕೈ ನಡುಗಲಿಲ್ಲ. ಅದನ್ನು ಬಿಚ್ಚಿ ಪಕ್ಕಕ್ಕಿಟ್ಟೆ, ಅವರ ಫಿಲ್ಟರ್ ತಂದೆ, ಹೆಸರು ತೋರಿಸಿದೆ, ಹಚ್ಚಿದೆ, ಮಶೀನು ಶುರು ಮಾಡಿದೆ. ಅವರು ಸೂಜಿ ಇಲ್ಲದ ಕೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. "ನಿಮಗ ಮೈಯಾಗ ಆರಾಮ ಇಲ್ಲೇನ್ರಿ?" ಎಂದು ಕೇಳಿದರು. ಆರಾಮ ಇದ್ದೇನಿ ಅಂದೆ. ಆರು ತಿಂಗಳಲ್ಲಿ ಆಸ್ಪತ್ರೆಯಲ್ಲಿ ನನ್ನನ್ನು ಹಾಗೆ ಕೇಳಿದ್ದು ಅವರೊಬ್ಬರೇ.

ಫಿಲ್ಟರ್ ಹಿಡಿದುಕೊಂಡು ಇಸ್ತಿಯಾಕನ ಹತ್ತಿರ ಹೋದೆ. ಬಳಸಿದ ಮೇಲೆ ತೊಳೆಯುವುದು, ಇಡುವುದು, ತೀರಿಕೊಂಡವರದನ್ನು ಒಗೆಯುವುದು ಅವನ ಕೆಲಸ. ಅವನ ಮುಖ ಬಿಳಿಚಿಕೊಂಡಿತು. "ಮರತಿಲ್ರಿ ಸಿಸ್ಟರ್. ಎರಡ ಸಲ ಕೈಯಾಗ ತಗೊಂಡೆ. ಒಗಿಯಾಕ ಆಗಲಿಲ್ಲ" ಅಂದ. ನಲವತ್ತು ವರ್ಷದ ಗಂಡಸು, ಗೋಡೆಯ ಕಡೆ ತಿರುಗಿ ನಿಂತ. ಆಮೇಲೆ ಅಂದ: "ಏನೂ ಆಗಿಲ್ಲಲ್ರಿ. ಯಾರಿಗೂ ಗೊತ್ತಿಲ್ಲ. ಇಲ್ಲಿಗೇ ಬಿಡೂಣು." ಅವನ ಕಣ್ಣಲ್ಲಿ ನೀರಿತ್ತು. ನಾನು ಅವನನ್ನು ನೋಡುತ್ತಾ ನಿಂತೆ, ಇವನಿಗೆ ಆಗುತ್ತಿರುವುದು ನನಗೆ ಯಾಕೆ ಆಗುತ್ತಿಲ್ಲ ಎಂದು. ಭಯವಾಗಲಿಲ್ಲ ಎಂಬುದನ್ನು ಕಂಡು ಭಯವಾಗಬೇಕಿತ್ತು, ಅದೂ ಆಗಲಿಲ್ಲ. ಒಂದು ಕಾಗದ ತೆಗೆದುಕೊಂಡು ನಡೆದದ್ದನ್ನು ನಡೆದ ಹಾಗೆ ಬರೆದು ಡಾಕ್ಟರ ಮೇಜಿನ ಮೇಲಿಟ್ಟೆ. ಮಗಳು ಧೈರ್ಯ ಮಾಡಿದಳು ಎಂದು ತಿಳಿಯಬೇಡ. ಹೆದರಿಕೆ ಇದ್ದವರಿಗೆ ಧೈರ್ಯ ಬೇಕಾಗುತ್ತದೆ.

ಡಾಕ್ಟರ್ ಶಂಭುಲಿಂಗ ಕರೆದರು. ಸಿಟ್ಟಿನ ಮನುಷ್ಯ, ಫೈಲು ಎಸೆಯುವವರು. ಕಾಗದವನ್ನು ಎರಡು ಸಲ ಓದಿದರು. "ನೀವು ಕಡೀಗೆ ಯಾವಾಗ ಅತ್ತಿದ್ರಿ?" ಎಂದು ಕೇಳಿದರು. ಪೇಶಂಟಿಗೆ ಕಡೆಯ ಸಲ ಜ್ವರ ಯಾವಾಗ ಬಂದಿತ್ತು ಎಂದು ಕೇಳುವ ಹಾಗೆಯೇ ಕೇಳಿದರು. ನಾನೂ ಹಾಗೆಯೇ ನೆನಪು ಮಾಡಿಕೊಂಡು, ಹೋಳಿ ಹುಣ್ಣಿಮೆಯ ಸುಮಾರಿಗೆ ಇರಬೇಕು ಅಂದೆ. ನಿದ್ದೆ? ಮಲಗಿದ ಕೂಡಲೇ ಬರುತ್ತದೆ, ಎದ್ದಾಗ ಮಲಗಿದ ಹಾಗೇ ಅನಿಸುವುದಿಲ್ಲ. ಮನೆಯವರ ಜೊತೆ ಮಾತು? ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಎಲ್ಲ ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟರು. "ಆರು ಮಶೀನಿಗೆ ಇಬ್ಬರು ಸಾಕು ಅಂತ ಸಹಿ ಮಾಡಿದಾವ ನಾನು. ಈ ಕಾಗದ ಮ್ಯಾಲ ಹೋಗತೈತಿ, ನಿಮ್ಮ ಹೆಸರಿನ ಕೆಳಗ ನನ್ನ ಹೆಸರೂ ಹಾಕತೀನಿ" ಅಂದರು. ನಾನು ಮಾಸ್ತರು ಕರೆದದ್ದನ್ನು ಹೇಳಿದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಅವರು ಮಶೀನಿನ ದಾಖಲೆ ತರಿಸಿ ನೋಡಿದರು. ಕರೆದದ್ದಕ್ಕೂ ಹೃದಯ ನಿಂತದ್ದಕ್ಕೂ ನಡುವೆ ಮೂರು ನಿಮಿಷವಿರಬಹುದು. ತಕ್ಷಣ ಹೋಗಿದ್ದರೆ ಉಳಿಯುತ್ತಿದ್ದರೇ ಎಂದು ಕೇಳಿದೆ. ಇಲ್ಲ ಎಂದು ಹೇಳಿಬಿಡಬಹುದಿತ್ತು. "ಗೊತ್ತಿಲ್ಲ" ಅಂದರು. ಆ ಒಂದು ಮಾತಿಗೆ ನಾನು ಅವರ ಋಣಿ. ಧಾರವಾಡದಲ್ಲಿ ಅವರಿಗೆ ಪರಿಚಯದ ಮನೋವೈದ್ಯೆಯೊಬ್ಬರು ಇದ್ದಾರೆ, ಹೆಸರು ಬರೆದುಕೊಟ್ಟರು. ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡೆ.

ಕಾಗದ ಮೇಲೆ ಹೋಯಿತು. ಮುಂದಿನ ವಾರ ಆಡಳಿತದವರು ಒಂದು ಕಾರ್ಯಕ್ರಮ ಇಟ್ಟರು, ಸಿಬ್ಬಂದಿಯ ಮನಸ್ಸಿನ ಆರೋಗ್ಯಕ್ಕಾಗಿ. ಮೇಲಿನ ಸಭಾಂಗಣದಲ್ಲಿ ಬಲೂನು ಕಟ್ಟಿದ್ದರು. ಒಬ್ಬರು ಬಂದು ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳಲು ಹೇಳಿದರು, ನಿಮ್ಮನ್ನು ನೀವು ಪ್ರೀತಿಸಿರಿ ಅಂದರು. ಒಳ್ಳೆಯ ಮನುಷ್ಯನೇ. ಕೆಳಗೆ ಇಸ್ತಿಯಾಕ ಒಬ್ಬನೇ ಆರು ಮಶೀನು ನೋಡುತ್ತಿದ್ದ, ಎರಡು ಬಡಿದುಕೊಳ್ಳುವುದು ಮೆಟ್ಟಿಲ ಮೇಲಿನವರೆಗೂ ಕೇಳುತ್ತಿತ್ತು. ನಾನು ಎದ್ದು ಇಳಿದುಹೋದೆ. ಅರ್ಧಕ್ಕೆ ಎದ್ದುಹೋದರು ಎಂದು ಹಾಜರಿಯಲ್ಲಿ ಬರೆದುಕೊಂಡರು. ಅದೇ ಸಂಜೆ ನನಗೆ ನೋಟೀಸು ಬಂತು, ಫಿಲ್ಟರ್ ವಿಷಯದಲ್ಲಿ ನಿಮ್ಮ ಮೇಲೆ ಯಾಕೆ ಕ್ರಮ ತೆಗೆದುಕೊಳ್ಳಬಾರದು, ಏಳು ದಿನದೊಳಗೆ ಉತ್ತರ ಕೊಡಿ ಎಂದು. ಮನೆಗೆ ಬಂದು ಸ್ಯಾಮ್ಸನ್‌ಗೆ ತೋರಿಸಿದೆ. ಅವನು ಓದಿ ಮಡಚಿಟ್ಟ. "ಕೆಲಸ ಹೋದರ ಹೋಗಲಿ. ನೀ ಎಲ್ಲೆ ಹೋಗೀದಿ ಅದನ್ನ ಹೇಳು ಮೊದಲ" ಅಂದ. ಪರ್ಸಿನಿಂದ ಚೀಟಿ ತೆಗೆದು ಅವನ ಕೈಗೆ ಕೊಟ್ಟೆ. ಎರಡು ದಿನದ ಮೇಲೆ ಅವನೇ ಧಾರವಾಡಕ್ಕೆ ಕರೆದುಕೊಂಡು ಹೋದ.

ಆ ಡಾಕ್ಟರ ಬಾಗಿಲ ಮುಂದೆ ಕೂತಾಗ ನಮ್ಮ ಚರ್ಚಿನವರು ಯಾರಾದರೂ ನೋಡಿದರೆ ಎಂದು ಸೆರಗು ತಲೆಯ ಮೇಲೆ ಹೊದ್ದುಕೊಂಡಿದ್ದೆ. ನಿನಗೂ ಇದು ಸೇರುವುದಿಲ್ಲ, ಗೊತ್ತು. ಪ್ರಾರ್ಥನೆ ಮಾಡಿದರೆ ಸಾಕು ಅನ್ನುತ್ತೀ. ಮಾಡುತ್ತಿದ್ದೇನೆ ಅವ್ವಾ. ಆಕೆ ಹೇಳಿದ್ದು ಇಷ್ಟೇ: ಇದು ನಿಮ್ಮ ಕಲ್ಲುಮನಸ್ಸಲ್ಲ, ಬಹಳ ದಿನ ಬಿಡುವಿಲ್ಲದೆ ಹೊತ್ತವರಿಗೆ ಹೀಗಾಗುತ್ತದೆ, ದೇಹ ತನ್ನನ್ನು ಉಳಿಸಿಕೊಳ್ಳಲು ಎಲ್ಲವನ್ನೂ ಮುಚ್ಚಿಬಿಡುತ್ತದೆ, ಮುಚ್ಚುವಾಗ ಇದು ಬೇಕು ಇದು ಬೇಡ ಎಂದು ಆರಿಸುವುದಿಲ್ಲ. ಒಂದು ಗುಳಿಗೆ ಬರೆದರು. ವಾರಕ್ಕೊಮ್ಮೆ ಬಂದು ಮಾತಾಡಲು ಹೇಳಿದರು. ಎರಡು ಸಲ ಹೋಗಿದ್ದೇನೆ. ಮೊದಲ ಸಲ ನಾನು ಮಾತಾಡಿದ್ದು ಕಡಿಮೆ. ಆಕೆಯೂ ಅವಸರ ಮಾಡಲಿಲ್ಲ.

ಹೋದ ರವಿವಾರ ಚರ್ಚು ಮುಗಿಸಿ ಸ್ಯಾಮ್ಸನ್‌ನ ಗಾಡಿಯ ಮೇಲೆ ಹೆಬ್ಬಳ್ಳಿಗೆ ಹೋದೆವು. ಯಾಕೆ ಹೋಗಬೇಕೆನಿಸಿತೋ ಹೇಳಲಾರೆ. ಮಾಸ್ತರ ಮಣ್ಣಿಗೆ ಹೋಗಿರಲಿಲ್ಲ, ಅವತ್ತು ಸಂಜೆಯ ಪಾಳಿಯೂ ನನ್ನದೇ ಇತ್ತು. ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದರು. ದ್ರಾಕ್ಷಾಯಿಣಿಯವರು ನಮ್ಮನ್ನು ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟರು. ಸ್ಯಾಮ್ಸನ್ ಯಾರೋ ಹುಡುಗರ ಜೊತೆ ಮಾತಾಡುವ ನೆವ ಮಾಡಿ ಹೊರಗೆ ಹೋದ. ಆಗ ಅವರು ಕೇಳಿದರು: "ಅವರು ಕಡೀಕ ಏನರ ಅಂದ್ರೇನವಾ?"

ಏನಾದರೂ ಹೇಳಬಹುದಿತ್ತು. ನಿಮ್ಮ ಹೆಸರು ಕರೆದರು ಅನ್ನಬಹುದಿತ್ತು. ನೀನು ಹಾಗೆ ಎಷ್ಟೋ ಜನಕ್ಕೆ ಹೇಳಿದ್ದೀಯಂತೆ, ಸಾಯುವವರ ಮನೆಯವರಿಗೆ ಅಷ್ಟು ಸುಳ್ಳು ಪಾಪವಲ್ಲ ಎಂದು ನೀನೇ ಒಮ್ಮೆ ಅಂದಿದ್ದೆ. ನನಗೆ ಅದೂ ಆಗಲಿಲ್ಲ. "ನನ್ನ ಕರದ್ರು ಅವ್ವಾರ. ನಾ ತಡೀರಿ ಅಂದೆ. ಮತ್ತೇನೋ ಅಂದ್ರು, ಅದನ್ನ ನಾ ಕೇಳಿಸಿಕೊಳ್ಳಲಿಲ್ಲ" ಅಂದೆ. ಅವರು ಎದ್ದು ಒಳಗೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಸೀರೆಯ ಅಂಚಿನಿಂದ ಬಟ್ಟಲಿನ ಅಡಿ ಒರೆಸಿದರು, ಅದು ಒದ್ದೆಯಾಗಿರಲಿಲ್ಲ.

"ನಾನರ ಎಲ್ಲೆ ಎಚ್ಚರ ಇದ್ನೆವಾ" ಅಂದರು. "ಹೊರಗ ಬಾಕಿನ ಮ್ಯಾಲ ನಿದ್ದಿ ಹತ್ತಿತ್ತು. ಆರು ವರ್ಷ ನಸಿಕಿನ್ಯಾಗ ಎದ್ದು ಬಸ್ ಹಿಡದೇನಿ, ಜ್ವರ ಇದ್ದರೂ ಹಿಡದೇನಿ. ಆ ಆಯಾ ಬಂದು ಎಬ್ಬಿಸಿ ಹಿಂಗಾತು ಅಂದಾಗ ನನ್ನ ಮನಸಿನ್ಯಾಗ ಮೊದಲ ಏನ ಬಂತು ಗೊತ್ತೈತೇನು? ಶುಕ್ರವಾರ ಬಸ್ ಹಿಡಿಯೂದಿಲ್ಲ ಅಂತ ಬಂತು. ಅವರ ಮುಖ ಇನ್ನೂ ನೋಡಿಲ್ಲ, ಅಷ್ಟರಾಗ ಅದು ಬಂತು. ಯಾರ ಮುಂದೂ ಹೇಳಿಲ್ಲ ನಾ ಇದನ್ನ. ಮಗನ ಮುಂದೂ ಹೇಳಿಲ್ಲ."

ಅವರು ಅಳಲಿಲ್ಲ, ನಾನೂ ಅಳಲಿಲ್ಲ. ಬಹಳ ಹೊತ್ತಿನ ಮೇಲೆ ಅವರು ನನ್ನ ಬೆನ್ನ ಮೇಲೆ ಕೈ ಇಟ್ಟರು, ಇಟ್ಟು ಹಾಗೇ ಬಿಟ್ಟರು. ಆ ಕೈಯ ಭಾರ ನನಗೆ ಗೊತ್ತಾಯಿತು. ಬಿಸಿ ಗೊತ್ತಾಯಿತು. ಕಾಲು ಜೋಮು ಹಿಡಿದು ಬಿಡುವಾಗ ಆಗುತ್ತದಲ್ಲ, ಹಾಗೆ ಸ್ವಲ್ಪ. ಸುಖವಲ್ಲ ಅದು. ಹೊರಡುವಾಗ ಒಂದು ಚೀಲ ಕಡಲೆಬೇಳೆ ಕೊಟ್ಟರು, ಬೇಡವೆಂದರೂ ಗಾಡಿಯ ಕೊಂಡಿಗೆ ಅವರೇ ಸಿಕ್ಕಿಸಿದರು.

ಇನ್ನೊಂದು ಹೇಳಬೇಕು, ಇದು ಕೇಳಿದರೆ ನಿನಗೆ ಸಂತೋಷವಾಗುತ್ತದೆ. ಈ ಬುಧವಾರ ಶಹಜಹಾನಬೇಗಂ ಬರುವಾಗ ಒಂದು ಕಾಗದ ತಂದಿದ್ದರು. ವಾರಪೂರ್ತಿ ಮೂರೂ ಪಾಳಿಯವರ ಹತ್ತಿರ ತಾವೇ ತಿರುಗಿ, ತಾವು ಬರದ ದಿನ ಮಗಳನ್ನು ಕಳಿಸಿ, ಮೂವತ್ತೊಂದು ಪೇಶಂಟರ ಸಹಿ, ಹೆಬ್ಬೆಟ್ಟು ಹಾಕಿಸಿದ್ದರು. ಆಡಳಿತಾಧಿಕಾರಿಗೆ ಬರೆದದ್ದು. ಸಿಸ್ಟರ್‌ಗೆ ನೋಟೀಸು ಕೊಟ್ಟಿದ್ದೀರಂತೆ, ಆ ಫಿಲ್ಟರ್ ಹಚ್ಚಿದ್ದು ನನ್ನ ಮಶೀನಿಗೆ, ನನ್ನದು ತಕರಾರಿಲ್ಲ, ನನ್ನನ್ನು ಯಾರೂ ಕೇಳಿಲ್ಲ ಎಂದು ಮೊದಲು ಇತ್ತು. ಅದರ ಕೆಳಗೆ: 'ಒಂದು ಪಾಳಿಗೂ ಇನ್ನೊಂದು ಪಾಳಿಗೂ ನಡುವೆ ಇವರಿಗೆ ಕೂತು ಉಣ್ಣಲು ಹೊತ್ತು ಕೊಡಿರಿ. ಅರ್ಧ ತಾಸು ನಾವು ಹೊರಗೆ ಕಾಯುತ್ತೇವೆ. ನಮಗೆ ಕಾಯ್ದು ರೂಢಿ ಇದೆ.' ಡಾಕ್ಟರ್ ಶಂಭುಲಿಂಗ ಅದನ್ನು ತಾವೇ ತೆಗೆದುಕೊಂಡು ಹೋದರು. ಮೇಲೆ ಏನು ಮಾತಾಯಿತೋ, ಅವರ ದನಿ ಮಾತ್ರ ಕಾರಿಡಾರಿಗೆಲ್ಲ ಕೇಳಿಸಿತಂತೆ. ಅರ್ಧ ತಾಸು ಸಿಕ್ಕಿದೆ, ಶುಕ್ರವಾರದಿಂದ. ಹೆಸರನ್ನು ಇಬ್ಬರು ಸೇರಿ ಜೋರಾಗಿ ಓದಬೇಕು, ಪೇಶಂಟರೂ ಓದಬೇಕು ಎಂದಾಗಿದೆ. ಇನ್ನೊಬ್ಬ ಸಿಸ್ಟರನ್ನು ಕೊಡುವ ಮಾತಿಗೆ ನೋಡೋಣ ಅಂದಿದ್ದಾರೆ. ನೋಟೀಸು ಹಿಂದೆ ತೆಗೆದುಕೊಂಡಿಲ್ಲ, ಫೈಲಿನಲ್ಲಿ ಇರುತ್ತದೆಯಂತೆ. ಇರಲಿ, ನಾನು ಮಾಡಿದ್ದು ಹೌದು.

ಶುಕ್ರವಾರ ಮಧ್ಯಾಹ್ನ ಆ ಅರ್ಧ ತಾಸಿನಲ್ಲಿ ನಾನು, ಇಸ್ತಿಯಾಕ, ರಾಜಬಿ ಮೂವರೂ ಡಬ್ಬಿ ಬಿಚ್ಚಿಕೊಂಡು ಕೂತೆವು. ಆಮೇಲೆ ಇಸ್ತಿಯಾಕ ಈ ವರ್ಷ ಹೋದವರ ಹೆಸರು ಒಂದೊಂದೇ ಹೇಳಿದ. ರಾಜಬಿ ಅವನು ಬಿಟ್ಟದ್ದನ್ನು ಕೂಡಿಸಿದಳು. ಒಬ್ಬರ ಹೆಸರು ಮೂವರಿಗೂ ನೆನಪಾಗಲಿಲ್ಲ, ಎದ್ದುಹೋಗಿ ರಜಿಸ್ಟರ್ ನೋಡಿಕೊಂಡು ಬಂದೆ. ಆ ಹೆಸರನ್ನು ನಾನೇ ಹೇಳಿದೆ. ಅಳು ಇನ್ನೂ ಬಂದಿಲ್ಲ. ಧಾರವಾಡದ ಡಾಕ್ಟರು ಅದಕ್ಕೂ ಅವಸರ ಬೇಡ ಎಂದಿದ್ದಾರೆ.

ಕೆಲಸ ಬಿಡುತ್ತೇನೋ ಇಲ್ಲವೋ ಈಗ ಹೇಳಲಾರೆ. ಬಿಟ್ಟರೆ ಸಿಟ್ಟಾಗಬೇಡ, ಬಿಡದಿದ್ದರೂ ಚಿಂತೆ ಮಾಡಬೇಡ. ಸ್ವೀಟಿ ನಿನ್ನೆ ನನ್ನ ಹತ್ತಿರ ಬಂದು ಗಣಿತದಲ್ಲಿ ಕಡಿಮೆ ಬಂದಿದೆ ಎಂದು ಹೇಳಿ ನನ್ನ ಮುಖ ನೋಡುತ್ತಾ ನಿಂತಳು. ಎಷ್ಟು ಕಡಿಮೆ ಎಂದು ಕೇಳಿದೆ. ಅಷ್ಟು ಕೇಳಿದ್ದಕ್ಕೇ ಅವಳು ಹಾಸಿಗೆಯ ಮೇಲೆ ಕೂತು ಪೂರ್ತಿ ಹೇಳಿದಳು.

ಡ್ಯಾನಿಯಲ್‌ಗೂ ಅವನ ಹೆಂಡತಿಗೂ ನನ್ನ ಪ್ರೀತಿ ಹೇಳು. ರಾತ್ರಿಯ ಪ್ರಾರ್ಥನೆಯಲ್ಲಿ ನಮ್ಮ ಮೂವರ ಹೆಸರು ತೆಗೆದುಕೊಳ್ಳುವಾಗ ದ್ರಾಕ್ಷಾಯಿಣಿ, ಶಹಜಹಾನಬೇಗಂ, ಈ ಎರಡನ್ನೂ ಸೇರಿಸು. ಕರ್ತನಿಗೆ ಎಲ್ಲ ಹೆಸರೂ ಬರುತ್ತವೆ. ನಿನ್ನ ಕಣ್ಣನ್ನೂ ಮೊಣಕಾಲನ್ನೂ ಅವನ ಕೈಯಲ್ಲಿ ಇಟ್ಟಿದ್ದೇನೆ, ಹನಿಯನ್ನು ಮಾತ್ರ ನೀನೇ ಹಾಕಿಕೊಳ್ಳಬೇಕು.

ನಿನ್ನ ಮಗಳು,
ಬೀನಾ

ತಾ.ಕ.: ಸ್ಯಾಮ್ಸನ್ ಗಾಡಿ ಹೊರಗೆ ತೆಗೆದು ನಿಂತಿದ್ದಾನೆ, ಇವತ್ತೇ ಅಂಚೆ ಡಬ್ಬಿಗೆ ಹಾಕಬೇಕಂತೆ, ಅದಕ್ಕೆ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಹತ್ತು ದಿನ ರಜೆ ಕೇಳಿದ್ದೆ, ಕೊಟ್ಟಿದ್ದಾರೆ. ಗುರುವಾರ ಹೊರಟು ನಿನ್ನಲ್ಲಿಗೆ ಬರುತ್ತೇನೆ, ಒಬ್ಬಳೇ. ನಿನ್ನ ಖೋಲಿಯಲ್ಲೇ ನನಗೂ ಹಾಸು, ವಿಶೇಷ ಅಡಿಗೆ ಏನೂ ಬೇಡ. ಇನ್ನೊಂದು. ನಾವು ಸಣ್ಣವರಿದ್ದಾಗ ನೀನು ಡ್ಯೂಟಿ ಮುಗಿಸಿ ಬಂದು ಹಿತ್ತಲ ಮೆಟ್ಟಿಲ ಮೇಲೆ ಬೂಟು ಬಿಚ್ಚದೆ ಕತ್ತಲಾಗುವತನಕ ಕೂತಿರುತ್ತಿದ್ದೆ. ಕರೆದರೆ ಓ ಅನ್ನುತ್ತಿರಲಿಲ್ಲ. ನೀನು ನಮ್ಮ ಮೇಲೆ ಸಿಟ್ಟಾಗಿದ್ದೀ ಎಂದು ನಾನೂ ಡ್ಯಾನಿಯಲ್ಲೂ ಒಳಗೆ ಪಿಸುಗುಟ್ಟುತ್ತಾ ಯಾರ ತಪ್ಪು ಎಂದು ಜಗಳಾಡುತ್ತಿದ್ದೆವು. ಅದು ಸಿಟ್ಟಲ್ಲ, ಅಲ್ಲವೇ ಅವ್ವಾ? ಬರೆಯಬೇಡ. ಬಂದಾಗ ನಿನ್ನ ಪಕ್ಕ ಕೂತು ಕೇಳುತ್ತೇನೆ, ಆಗ ಹೇಳು.